ರೀಬೋರ್ ಆದ ಮೇಲೆ ಸೆಲ್ಫ್ ಎಳೆಯುತ್ತಿಲ್ಲ (ಮಾರುತಿ 800)

ಕೆಂಪು 800:
ನಮ್ಮದು 1997ರ ಮಾರುತಿ 800, ಕಾರ್ಬುರೇಟರ್ ಗಾಡಿ. ಹೊಗೆ ಜಾಸ್ತಿ ಅಂತ ಎಂಜಿನ್ ಇಳಿಸಿ ಬೋರ್ ಮಾಡಿಸಿದೆವು (ಸವೆದ ಸಿಲಿಂಡರ್ ಕೊರೆಸಿ ಸರಿಮಾಡಿಸೋದು). ಪಿಸ್ಟನ್, ರಿಂಗ್, ಬೇರಿಂಗ್ ಎಲ್ಲ ಹೊಸದು. ಬ್ಲಾಕ್‌ಗೂ ಗೇರ್‌ಬಾಕ್ಸ್‌ಗೂ ಚೆನ್ನಾಗಿ ಪೇಂಟ್ ಹೊಡೆದುಕೊಟ್ಟಿದ್ದಾರೆ. ಈಗ ಕೀ ತಿರುಗಿಸಿದರೆ ಸೆಲ್ಫ್ (ಸ್ಟಾರ್ಟರ್ ಮೋಟಾರ್) ಟಕ್ ಟಕ್ ಅನ್ನುತ್ತದೆ. ಒಮ್ಮೊಮ್ಮೆ ಅರ್ಧ ಸುತ್ತು ನರಳಿ ನಿಂತುಬಿಡುತ್ತದೆ. ತಳ್ಳಿದರೆ ತಕ್ಷಣ ಸ್ಟಾರ್ಟ್! ಬ್ಯಾಟರಿ ಹೊಸದು. ಸೆಲ್ಫ್ ಬಿಚ್ಚಿ ನೆಲದ ಮೇಲಿಟ್ಟು ಬ್ಯಾಟರಿಯಿಂದ ನೇರವಾಗಿ ಕರೆಂಟ್ ಕೊಟ್ಟರೆ ಭರ್ರನೆ ತಿರುಗುತ್ತದೆ. ಮೆಕ್ಯಾನಿಕ್ ಮಾತ್ರ "ಹೊಸ ಎಂಜಿನ್ ಟೈಟ್ ಇದೆ ಸಾರ್, ಸೆಲ್ಫಿಗೆ ದಮ್ಮಿಲ್ಲ, ಹೊಸದು ಹಾಕಿಬಿಡೋಣ" ಅನ್ನುತ್ತಿದ್ದಾರೆ. ಹಾಕಿಸಲಾ?

ಸ್ಪ್ಯಾನರ್ ಮಾವ:
ಟೈಟ್ ಇರಬಹುದು, ಆದರೆ ಅದನ್ನು ಕೈಯಲ್ಲೇ ನೋಡಬಹುದು. ಗಾಡಿ ನ್ಯೂಟ್ರಲ್‌ನಲ್ಲಿರಲಿ. ಮೂರೂ ಪ್ಲಗ್ ಬಿಚ್ಚಿ, ಕ್ರ್ಯಾಂಕ್ ಪುಲ್ಲಿ ಬೋಲ್ಟ್‌ಗೆ ಸಾಕೆಟ್ ಹಾಕಿ ತಿರುಗಿಸಿ. ಸ್ವಲ್ಪ ಬಿಗಿ ಇದ್ದರೂ ಒಂದೇ ಸಮನೆ ತಿರುಗಿದರೆ ಪರವಾಗಿಲ್ಲ. ಒಂದು ಜಾಗದಲ್ಲಿ ಮಾತ್ರ ಹಿಡಿದುಕೊಂಡರೆ ಬೇರಿಂಗ್ ಕ್ಯಾಪ್ ಅದಲುಬದಲಾಗಿರಬಹುದು. ಆಗ ಸೆಲ್ಫ್ ಹೊಡೆಯಲೇಬೇಡಿ. ಸೆಲ್ಫಿನ ಕಾರ್ಬನ್ ಬ್ರಷ್ಷು, ಬುಷ್ಷೂ ನೋಡಿಸಿ. ನೆಲದ ಮೇಲೆ ಲೋಡ್ ಇಲ್ಲದೆ ಸವೆದ ಮೋಟಾರೂ ಭರ್ರ ಅನ್ನುತ್ತದೆ.

ಮಲ್ಟಿಮೀಟರ್ ಮಂಜ:
ಬಿಚ್ಚೋಕೆ ಮುಂಚೆ ಅಳೆಯಿರಿ. ಇಗ್ನಿಷನ್ ಕಾಯಿಲ್‌ಗೆ ಹೋಗುವ ಸಣ್ಣ ವೈರ್ ತೆಗೆದುಬಿಡಿ, ಎಂಜಿನ್ ಸ್ಟಾರ್ಟ್ ಆಗಬಾರದು. ಯಾರಾದರೂ ಸೆಲ್ಫ್ ಹೊಡೆಯುತ್ತಿರುವಾಗ ಬ್ಯಾಟರಿಯ ಎರಡು ತುದಿಗೆ ಮೀಟರ್ ಹಿಡಿಯಿರಿ. ಎಂಜಿನ್ ನಿಜವಾಗಲೂ ಟೈಟ್ ಇದ್ದರೆ ಮೋಟಾರ್ ವಿಪರೀತ ಕರೆಂಟ್ ಎಳೆದು ವೋಲ್ಟೇಜ್ 10ರ ಕೆಳಗೆ ಬೀಳುತ್ತದೆ. ಬೀಳದೇ ಇದ್ದರೆ ಕರೆಂಟ್ ಎಲ್ಲೋ ದಾರಿಯಲ್ಲೇ ಸಿಕ್ಕಿಕೊಂಡಿದೆ ಅಂತ. ಇನ್ನೊಂದು, ಸೆಲ್ಫ್ ಹೊಡೆದ ಮೇಲೆ ಕಾರ್ಬುರೇಟರ್‌ಗೆ ಹೋಗುವ ಚೋಕ್ ಕೇಬಲ್ ಮುಟ್ಟಿ ನೋಡಿ. ಹುಷಾರು, ಸುಟ್ಟೀತು.

ಕೆಂಪು 800:
ಕ್ರ್ಯಾಂಕ್ ಸಲೀಸಾಗಿ ತಿರುಗುತ್ತದೆ. ಬ್ಯಾಟರಿ ಸುಮ್ನೆ ಇದ್ದಾಗ 12.6, ಸೆಲ್ಫ್ ಹೊಡೆದಾಗ 11.9. ಚೋಕ್ ಕೇಬಲ್ ಕೈ ಇಡೋಕೆ ಆಗದಷ್ಟು ಬಿಸಿ, ಪ್ಲಾಸ್ಟಿಕ್ ಹೊದಿಕೆ ಮೆತ್ತಗಾಗಿದೆ! ಇದು ನಿಮಗೆ ಹೇಗೆ ಗೊತ್ತಾಯಿತು?

ಮಲ್ಟಿಮೀಟರ್ ಮಂಜ:
ಎಂಜಿನ್ ಕೂತಿರೋದು ರಬ್ಬರ್ ಮೌಂಟ್ ಮೇಲೆ ಅಲ್ವಾ? ರಬ್ಬರ್‌ನಲ್ಲಿ ಕರೆಂಟ್ ಹರಿಯಲ್ಲ. ಸೆಲ್ಫಿಗೆ ಮೈನಸ್ ಸಿಗೋದು ಅದರ ಮೈಯಿಂದ, ಗೇರ್‌ಬಾಕ್ಸ್ ಮೂಲಕ. ಅಲ್ಲಿಂದ ಬ್ಯಾಟರಿಗೆ ದಪ್ಪ ಅರ್ತ್ ವೈರ್ ಇಲ್ಲದಿದ್ದರೆ ಕರೆಂಟ್ ಎಂಜಿನ್ನಿಗೂ ಬಾಡಿಗೂ ಮಧ್ಯೆ ಇರುವ ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಅಂತ ಸಿಕ್ಕಿದ ದಾರಿ ಹಿಡಿಯುತ್ತದೆ. ನೆಲದ ಮೇಲೆ ನೀವೇ ಮೈನಸ್ ಕೊಟ್ಟಿರಿ, ಅದಕ್ಕೇ ತಿರುಗಿತು. ಈಗ ಕಪ್ಪು ಪ್ರೋಬ್ ಬ್ಯಾಟರಿ ಮೈನಸ್‌ಗೆ, ಕೆಂಪು ಪ್ರೋಬ್ ಪೇಂಟ್ ಇಲ್ಲದ ಎಂಜಿನ್ ಬೋಲ್ಟ್‌ಗೆ ಇಟ್ಟು ಒಂದೆರಡು ಸೆಕೆಂಡ್ ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್ ದಾಟಬಾರದು.

ಕೆಂಪು 800:
8ರ ಆಸುಪಾಸಿನಲ್ಲಿ ಓಲಾಡುತ್ತಿದೆ.

ಮಲ್ಟಿಮೀಟರ್ ಮಂಜ:
ಜಂಪರ್ ಕೇಬಲ್‌ನಲ್ಲಿ ಬ್ಯಾಟರಿ ಮೈನಸ್‌ನಿಂದ ನೇರ ಎಂಜಿನ್ನಿಗೆ ಕೊಡಿ.

ಕೆಂಪು 800:
ಕೊಟ್ಟ ತಕ್ಷಣ ಸೆಲ್ಫ್ ಜೋರಾಗಿ ಎಳೆಯಿತು! ಕೆಳಗೆ ಬಗ್ಗಿ ನೋಡಿದರೆ ಗೇರ್‌ಬಾಕ್ಸ್ ಬೋಲ್ಟ್‌ನಲ್ಲಿ ಅರ್ತ್ ವೈರೇ ಇಲ್ಲ. ಗ್ಯಾರೇಜಿಗೆ ಫೋನ್ ಮಾಡಿದೆ, ಉಳಿದ ನಟ್ಟುಬೋಲ್ಟಿನ ಡಬ್ಬದಲ್ಲಿ ಸಿಕ್ಕಿತಂತೆ. ಹೊಸ ಸೆಲ್ಫ್ ಹಾಕಿಸಿದ್ದರೂ ಇದೇ ಟಕ್ ಟಕ್.

ಸ್ಪ್ಯಾನರ್ ಮಾವ:
ಡಬ್ಬದಲ್ಲಿ ಏನಾದರೂ ಮಿಕ್ಕಿದೆ ಅಂದರೆ ನನಗೆ ಮೊದಲಿಂದಲೂ ಭಯ. ಬಾಕಿ ಏನೇನು ಮಿಕ್ಕಿದೆ ಅಂತ ಹೋಗಿ ನೋಡಿಬಿಡಿ. ವೈರ್ ಹಾಕುವಾಗ ಆ ಬೋಲ್ಟ್ ಕೆಳಗಿನ ಪೇಂಟನ್ನು ಎಮರಿ ಪೇಪರ್‌ನಲ್ಲಿ ಹೊಳೆಯುವ ತನಕ ಉಜ್ಜಿಸಿ. ಸೆಲ್ಫ್ ಕೂರುವ ಜಾಗವನ್ನೂ ಅಷ್ಟೇ. ಪೇಂಟ್ ಮೇಲೆ ಬಿಗಿದರೆ ವೈರ್ ಇದ್ದೂ ಇಲ್ಲದ ಹಾಗೆ.

ಮಲ್ಟಿಮೀಟರ್ ಮಂಜ:
ಚೋಕ್ ಕೇಬಲ್ ಬದಲಾಯಿಸಿ. ಆಕ್ಸಿಲರೇಟರ್ ಕೇಬಲ್ ಪೂರ್ತಿ ಒತ್ತಿ ಬಿಟ್ಟು ನೋಡಿ, ಒಳಗೆ ಕರಗಿ ಅಂಟಿಕೊಂಡಿದ್ದರೆ ರಸ್ತೆಯಲ್ಲಿ ಅಪಾಯ. ಆಮೇಲೆ ಅದೇ ಅಳತೆ ಇನ್ನೊಂದು ಸಲ ಮಾಡಿ.

ಕೆಂಪು 800:
ಉಜ್ಜಿ ವೈರ್ ಹಾಕಿಸಿದೆ. ಈಗ 0.2 ತೋರಿಸುತ್ತಿದೆ. ಆಕ್ಸಿಲರೇಟರ್ ವಾಪಸ್ ಬರುವಾಗ ಸ್ವಲ್ಪ ತಡವರಿಸುತ್ತದೆ. ನಾಳೆ ಎರಡೂ ಕೇಬಲ್ ಹೊಸದು ಹಾಕಿಸಿಯೇ ಗಾಡಿ ಈಚೆಗೆ ತೆಗೆಯುತ್ತೇನೆ.