ಊರಿಗೆ ಕಳುಹಿಸಬೇಡಿ, ಜೊತೆಯಲ್ಲಿ ಕರೆದುಕೊಂಡು ಹೋಗಿ

ಮೊನ್ನೆ ಹೊರದೇಶದಲ್ಲಿರುವ ಕನ್ನಡಿಗರ ನಮ್ಮ ಗುಂಪಿನಲ್ಲಿ ಒಬ್ಬ ತಾಯಿ ಕೇಳಿದ ಪ್ರಶ್ನೆ ಇನ್ನೂ ಮನಸ್ಸಿನಿಂದ ಹೋಗಿಲ್ಲ. ದತ್ತು ಪಡೆದ ಮಗನಿಗೆ ಹದಿನಾಲ್ಕು ತುಂಬಿದೆ. ಶಾಲೆ ತಪ್ಪಿಸುತ್ತಾನೆ, ಕಣ್ಣೆದುರೇ ಸುಳ್ಳು ಹೇಳುತ್ತಾನೆ, ಅಪ್ಪನ ಪರ್ಸಿನಿಂದ ಹಣ ತೆಗೆಯುತ್ತಾನೆ, ಸಿಟ್ಟು ಬಂದರೆ 'ನೀನು ನನ್ನ ಅಮ್ಮನೇ ಅಲ್ಲ' ಎನ್ನುತ್ತಾನೆ. ಹಾಸನದ ಅಜ್ಜಿಯ ಮನೆಯಲ್ಲಿ ಬಿಟ್ಟು ಅಲ್ಲೇ ಹಾಸ್ಟೆಲ್ ಇರುವ ಶಾಲೆಗೆ ಸೇರಿಸಿದರೆ ದಾರಿಗೆ ಬಂದಾನೇ ಎಂದು ಅವರು ಕೇಳಿದ್ದರು. 'ಸೇರಿಸಿ, ಊರಿನ ನೀರು ಕುಡಿದರೆ ಎಲ್ಲ ಸರಿಹೋಗುತ್ತದೆ' ಎಂದವರೇ ಹೆಚ್ಚು. ಅವರ ಕಾಳಜಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೂ ಆ ತಾಯಿಗೆ ಕೈಮುಗಿದು ಹೇಳುತ್ತೇನೆ: ದಯವಿಟ್ಟು ಹಾಗೆ ಮಾಡಬೇಡಿ.

ಹೆತ್ತ ಮಗುವಿಗೆ 'ಹೀಗೇ ಆಡಿದರೆ ಊರಿಗೆ ಕಳುಹಿಸುತ್ತೇನೆ' ಎಂದರೆ ಅದು ಗದರಿಕೆ, ಸಂಜೆಯೊಳಗೆ ಮರೆತುಹೋಗುತ್ತದೆ. ಒಮ್ಮೆ ಕೈಬಿಟ್ಟುಹೋದ ಮಗು ಅದೇ ಮಾತನ್ನು ಬೇರೆಯೇ ರೀತಿಯಲ್ಲಿ ಕೇಳಿಸಿಕೊಳ್ಳುತ್ತದೆ. ಇವರೂ ಒಂದು ದಿನ ಬಿಟ್ಟುಬಿಡುತ್ತಾರೆ ಎಂಬ ಭಯ ಅದರೊಳಗೆ ಮೊದಲಿನಿಂದಲೂ ಇರುತ್ತದೆ. ಹರೆಯ ಬಂದಾಗ ಆ ಭಯವೇ ಹಟವಾಗಿ ಹೊರಬರುತ್ತದೆ. ನಾನು ಎಷ್ಟು ಕೆಟ್ಟವನಾದರೆ ಇವರು ನನ್ನನ್ನು ಬಿಡುತ್ತಾರೆ, ನೋಡೇಬಿಡೋಣ ಎಂಬಂತೆ ಮಗು ನಡೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ನೀವು ಅವನನ್ನು ವಿಮಾನ ಹತ್ತಿಸಿದರೆ, ಹಾಸ್ಟೆಲ್ ಎಷ್ಟೇ ಒಳ್ಳೆಯದಿರಲಿ, ಅಜ್ಜಿ ಎಷ್ಟೇ ಪ್ರೀತಿಯವರಿರಲಿ, ತನಗೆ ಉತ್ತರ ಸಿಕ್ಕಿತು ಎಂದೇ ಅವನು ತಿಳಿಯುತ್ತಾನೆ.

ನಾವು ಸಕಲೇಶಪುರದ ಕಡೆಯವರು, ಇರುವುದು ನ್ಯೂಜೆರ್ಸಿಯಲ್ಲಿ. ಮಗಳು ನಮ್ಮ ಮನೆಗೆ ಬಂದಾಗ ಅವಳಿಗೆ ಮೂರೂವರೆ ವರ್ಷ. ಈಗ ಕಾಲೇಜಿನಲ್ಲಿದ್ದಾಳೆ. ನಡುವಿನ ಹರೆಯದ ವರ್ಷಗಳು ಬಹಳ ಕಷ್ಟದವು. ಅವುಗಳ ಎಲ್ಲ ವಿವರ ಅವಳದು, ನಾನು ಹೇಳುವಂತಿಲ್ಲ. ಅವಳ ಒಪ್ಪಿಗೆ ಪಡೆದು ಒಂದನ್ನು ಮಾತ್ರ ಹೇಳುತ್ತೇನೆ.

ಅವಳ ಮೇಜಿನ ಖಾನೆಯಲ್ಲಿ, ಹಾಸಿಗೆಯ ಸಂದಿಯಲ್ಲಿ ಟಿಶ್ಯೂ ಕಾಗದ ಸುತ್ತಿದ ಚಪಾತಿಗಳು ಸಿಗುತ್ತಿದ್ದವು. ಕೆಲವು ಒಣಗಿ ಹಪ್ಪಳವಾಗಿರುತ್ತಿದ್ದವು, ಕೆಲವಕ್ಕೆ ಬೂಷ್ಟು ಹಿಡಿದಿರುತ್ತಿತ್ತು. ಮನೆಯಲ್ಲಿ ಊಟಕ್ಕೆ ಯಾವ ಕೊರತೆಯೂ ಇರಲಿಲ್ಲ. ಮುಂದಿನ ಊಟ ಬರುತ್ತದೋ ಇಲ್ಲವೋ ಎಂದು ಗೊತ್ತಿಲ್ಲದೆ ಶೈಶವ ಕಳೆದ ಮಕ್ಕಳಲ್ಲಿ ಇದು ಸಾಮಾನ್ಯ, ಮನಸ್ಸು ಕಲಕಿದಾಗ ಹಳೆಯ ಅಭ್ಯಾಸ ಮರಳಿ ಬರುತ್ತದೆ ಎಂದು ಆಪ್ತಸಮಾಲೋಚಕಿ ವಿವರಿಸಿದರು. ಅವರು ಹೇಳಿದಂತೆ ಅವಳ ಕೋಣೆಯಲ್ಲಿ ಒಂದು ಸ್ಟೀಲ್ ಡಬ್ಬಿ ಇಟ್ಟೆವು. ಕೋಡುಬಳೆ, ಖರ್ಜೂರ, ಬಿಸ್ಕತ್ತು, ಅವಳಿಗೆ ಏನು ಬೇಕೋ ಅದು. ಖಾಲಿಯಾದರೆ ತುಂಬಿಸುವುದು ಮಾತ್ರ ನಮ್ಮ ಕೆಲಸ. ಯಾವಾಗ ತಿಂದೆ, ಎಷ್ಟು ತಿಂದೆ ಎಂದು ಯಾರೂ ಕೇಳಕೂಡದು. ಚಪಾತಿ ಬಚ್ಚಿಡುವುದು ನಿಧಾನವಾಗಿ ನಿಂತಿತು. ಇದನ್ನು ಕಳ್ಳತನವೆಂದು ಬಗೆದು ಬೈದಿದ್ದರೆ ಏನಾಗುತ್ತಿತ್ತೋ ಎಂದು ನೆನೆಸಿಕೊಂಡರೆ ಎದೆ ಝಲ್ಲೆನ್ನುತ್ತದೆ. ಪರ್ಸಿನ ಹಣದ ವಿಷಯದಲ್ಲೂ ಮೊದಲು ಇದನ್ನೇ ಯೋಚಿಸಿ: ಅವನು ಆ ಹಣವನ್ನು ಖರ್ಚು ಮಾಡುತ್ತಿದ್ದಾನೆಯೇ, ಕೂಡಿಡುತ್ತಿದ್ದಾನೆಯೇ?

ಹದಿಮೂರು ಹದಿನಾಲ್ಕರಲ್ಲೇ ಇದೆಲ್ಲ ಭುಗಿಲೇಳುವುದಕ್ಕೆ ಕಾರಣವಿದೆ. 'ನಾನು ಯಾರ ಹಾಗೆ?' ಎಂದು ಎಲ್ಲ ಮಕ್ಕಳೂ ಕೇಳಿಕೊಳ್ಳುವ ವಯಸ್ಸು ಅದು. ಶಾಲೆಯಲ್ಲಿ ವಂಶವೃಕ್ಷ ಬರೆದು ತನ್ನಿ ಎನ್ನುತ್ತಾರೆ. ವೈದ್ಯರ ಅರ್ಜಿಯಲ್ಲಿ ತಂದೆತಾಯಿಗೆ ಯಾವ ಕಾಯಿಲೆ ಇತ್ತು ಎಂದು ಕೇಳುತ್ತಾರೆ. ಹುಟ್ಟುಹಬ್ಬ ಹತ್ತಿರ ಬಂದರೆ ಮಗು ಮಂಕಾಗುತ್ತದೆ, ನಮಗೆ ಕೇಕಿನ ಚಿಂತೆ. ದತ್ತು ಪ್ರಾಧಿಕಾರ 'ಕಾರಾ'ದ ಈಗಿನ ನಿಯಮದಂತೆ ಭಾರತದಿಂದ ಹೊರದೇಶಕ್ಕೆ ಬಂದ ಮಗುವಿನ ಬಗ್ಗೆ ಎರಡು ವರ್ಷ ವರದಿ ಹೋಗಬೇಕು: ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ. ಚಿಕ್ಕ ವಯಸ್ಸಿನಲ್ಲೇ ಬಂದ ಮಗುವಿಗೆ ನಿಜವಾದ ಬಿರುಗಾಳಿ ಏಳುವ ಹೊತ್ತಿಗೆ ಹೇಗಿದ್ದೀರಿ ಎಂದು ಕೇಳುವವರು ಯಾರೂ ಉಳಿದಿರುವುದಿಲ್ಲ. ನೆರವನ್ನು ನಾವೇ ಹುಡುಕಿಕೊಳ್ಳಬೇಕು.

ಆಪ್ತಸಮಾಲೋಚಕರನ್ನು ಹುಡುಕುವಾಗ ಒಂದು ಪ್ರಶ್ನೆಯನ್ನು ಮೊದಲೇ ಕೇಳಿ: ದತ್ತು ಮಕ್ಕಳೊಂದಿಗೆ ಕೆಲಸ ಮಾಡಿದ ಅನುಭವ ನಿಮಗಿದೆಯೇ? ಅದಿಲ್ಲದವರು ಬಹುಮಾನ ಮತ್ತು ಶಿಕ್ಷೆಯ ಪಟ್ಟಿ ಬರೆದುಕೊಡುತ್ತಾರೆ. ಈ ಮಕ್ಕಳ ಗಾಯ ಅದರಿಂದ ಮಾಯುವುದಿಲ್ಲ. ಮಗು ತನಗೆ ತಾನೇ ಹಾನಿ ಮಾಡಿಕೊಳ್ಳುವ ಮಾತನಾಡಿದರಂತೂ ಒಂದು ಗಂಟೆಯೂ ಕಾಯಬೇಡಿ. ಸಹಾಯವಾಣಿಗೆ ಕರೆ ಮಾಡಿ: ಅಮೆರಿಕದಲ್ಲಿ 988, ಭಾರತದಲ್ಲಿದ್ದಾಗ ಟೆಲಿ ಮಾನಸ್ 14416. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳು ಮತ್ತು ಹರೆಯದವರಿಗೆಂದೇ ಮನೋವೈದ್ಯ ವಿಭಾಗವಿದೆ.

'ನನ್ನ ಅಮ್ಮ ಯಾರು' ಎಂಬ ಪ್ರಶ್ನೆಗೂ ಬಾಗಿಲು ಮುಚ್ಚಬೇಡಿ. ಹೆತ್ತವರ ಹುಡುಕಾಟಕ್ಕೆ ಭಾರತದ ಕಾನೂನಿನಲ್ಲೇ ದಾರಿಯಿದೆ. 18 ತುಂಬಿದವರು ತಾವೇ ಅರ್ಜಿ ಹಾಕಬಹುದು, ಅದಕ್ಕಿಂತ ಚಿಕ್ಕವರಾದರೆ ಪೋಷಕರೂ ಮಗುವೂ ಸೇರಿ ಹಾಕಬೇಕು. ಹೆತ್ತವರು ಹೆಸರು ಗುಟ್ಟಾಗಿಡಬೇಕೆಂದು ಕೇಳಿದ್ದರೆ ಅವರ ಒಪ್ಪಿಗೆ ಬೇಕಾಗುತ್ತದೆ. ಮಗಳು ಇನ್ನೂ ಅರ್ಜಿ ಹಾಕಿಲ್ಲ. ಆದರೆ ದತ್ತು ಕಡತದ ಪ್ರತಿಯನ್ನು ಅವಳ ಕೈಗೇ ಕೊಟ್ಟೆವು. ಅದರಲ್ಲಿ ಒಂದೆಡೆ 'ಬಾಳೆಹಣ್ಣು ಕೊಟ್ಟರೆ ಅಳು ನಿಲ್ಲಿಸುತ್ತಾಳೆ' ಎಂದು ಯಾರೋ ಆಯಾ ಹೇಳಿದ್ದನ್ನು ಬರೆದಿದ್ದರು. ನಾವು ಅವಳನ್ನು ಕಾಣುವ ಮೊದಲೇ ಅವಳನ್ನು ಗಮನಿಸಿದ ಒಬ್ಬರಿದ್ದರು ಎಂಬುದು ಅವಳಿಗೆ ಬಹಳ ದೊಡ್ಡ ಸಂಗತಿಯಾಯಿತು.

ಇನ್ನು ಊರಿನ ವಿಷಯ. ಊರು ಬೇಡವೆಂದು ನಾನು ಹೇಳುತ್ತಿಲ್ಲ. ಮಗಳಿಗೆ ಹದಿನೈದಾಗಿದ್ದಾಗ, ಹಾಸ್ಟೆಲ್‌ಗೆ ಹಾಕಿ ಎಂದು ನಂಟರೆಲ್ಲ ಒತ್ತಾಯಿಸುತ್ತಿದ್ದ ಬೇಸಿಗೆಯಲ್ಲೇ, ನಾವು ಮೂವರೂ ಹೋದೆವು. ಅಮೆರಿಕದ ಬೇಸಿಗೆ ರಜೆ ಎಂದರೆ ಮಲೆನಾಡಿನಲ್ಲಿ ಹಿಡಿದ ಮಳೆ. ಕರೆಂಟ್ ಇಲ್ಲ, ಮೊಬೈಲ್ ಸಿಗ್ನಲ್ ಇಲ್ಲ, ತೋಟಕ್ಕೆ ಇಳಿದರೆ ಕಾಲಿಗೆ ಇಂಬಳ. ಮೊದಲು ಗೊಣಗಿದವಳು ಆಮೇಲೆ ಅಜ್ಜಿಯ ಪಕ್ಕ ಕುಳಿತು ಕಳಲೆ ಹೆಚ್ಚುವುದನ್ನು ಕಲಿತಳು.

ಒಂದು ಮಧ್ಯಾಹ್ನ ದೂರದ ನಂಟರೊಬ್ಬರು ಬಂದರು. ಅವಳೆದುರೇ 'ಇವಳು ಯಾವ ಕಡೆಯವಳು, ಯಾವ ಜನ?' ಎಂದು ಕೇಳಿದರು. ಅಮ್ಮ ಈಳಿಗೆಮಣೆಯಿಂದ ಏಳಲೂ ಇಲ್ಲ. 'ನನ್ನ ಮೊಮ್ಮಗಳು. ಕಾಫಿಗೆ ಬೆಲ್ಲ ಹಾಕಲೇ, ಸಕ್ಕರೆ ಹಾಕಲೇ?' ಎಂದರು. ಆ ಮಾತು ಅಲ್ಲಿಗೇ ನಿಂತಿತು. ನಮ್ಮ ಊರುಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ, ಮದುವೆ ಮನೆಯಲ್ಲಿ ಬರುತ್ತದೆ, ಹಾಸ್ಟೆಲ್ಲಿನಲ್ಲಿ ಇನ್ನೂ ಒರಟಾಗಿ ಬರುತ್ತದೆ. ಅದು ಬಂದಾಗ ಹುಡುಗನ ಪಕ್ಕದಲ್ಲಿ ನೀವಿರಬೇಕು. ಏಳು ಸಮುದ್ರದಾಚೆ ಕುಳಿತು ಭಾನುವಾರ ವಿಡಿಯೊ ಕರೆ ಮಾಡಿದರೆ ಸಾಲದು.

ಆದ್ದರಿಂದ ಆ ತಾಯಿಗೆ ನನ್ನ ಬಿನ್ನಹ: ಈ ರಜೆಗೆ ಹೋಗಿಬರುವ ಟಿಕೆಟ್ ತೆಗೆಯಿರಿ, ಎಲ್ಲರಿಗೂ. ಹಿಂತಿರುಗುವ ತಾರೀಕನ್ನು ಹೊರಡುವ ಮೊದಲೇ ಮಗನಿಗೆ ತೋರಿಸಿ, ಪ್ರತಿಯನ್ನು ಅವನ ಮೊಬೈಲಿಗೇ ಕಳುಹಿಸಿ. ಹಾಸನದ ಅಜ್ಜಿಗೆ ಫೋನ್ ಮಾಡಿ, ನಂಟರು ಕೇಳಿದರೆ ಏನು ಹೇಳಬೇಕೆಂದು ಈಗಲೇ ಮಾತಾಡಿಕೊಳ್ಳಿ. ಹಾಸನದಲ್ಲಿ ನನ್ನ ತಮ್ಮನ ಮನೆಯಿದೆ, ಅವನಿಗೂ ಹರೆಯದ ಇಬ್ಬರು ಮಕ್ಕಳು. ನಿಮ್ಮ ಮಗನಿಗೆ ಒಂದೆರಡು ದಿನ ಅಲ್ಲಿರಬೇಕು ಅನ್ನಿಸಿದರೆ ಅವರು ಸಂತೋಷದಿಂದ ಕರೆದುಕೊಳ್ಳುತ್ತಾರೆ. ಶನಿವಾರ ಬೆಳಿಗ್ಗೆ ನಾನು ಬಿಡುವಾಗಿರುತ್ತೇನೆ, ಕರೆ ಮಾಡಿ.