ಹೊಸ ಟರ್ಬೊ ಕಾರು, ಮೈಲೇಜ್ ಇಷ್ಟೇನಾ?

ಪ್ರಶ್ನೆ: ನಮಸ್ತೆ ಸರ್. ಹೊಸದಾಗಿ 1.0 ಲೀಟರ್ ಟರ್ಬೊ ಪೆಟ್ರೋಲ್ ಕಾರು ತಗೊಂಡಿದ್ದೇನೆ. ಮೂರು ಸಿಲಿಂಡರ್, ಮ್ಯಾನ್ಯುಯಲ್ ಗೇರ್. ಕಂಪನಿ ಹೇಳಿದ್ದು ಲೀಟರಿಗೆ 20 ಕಿ.ಮೀ., ನನಗೆ ಸಿಗುತ್ತಿರುವುದು 13ರ ಆಸುಪಾಸು. ಹಳೆಯ 1.2 ಲೀಟರ್ ಕಾರೇ ಇದಕ್ಕಿಂತ ಜಾಸ್ತಿ ಕೊಡುತ್ತಿತ್ತು. ಓಡಿಸೋಕೆ ಮಾತ್ರ ಮಜಾ ಇದೆ, ಓವರ್‌ಟೇಕ್ ಮಾಡುವಾಗ ನುಗ್ಗಿಕೊಂಡು ಹೋಗುತ್ತದೆ. ಇಂಜಿನ್ನಿನಲ್ಲಿ ಏನಾದರೂ ತೊಂದರೆ ಇದೆಯಾ? ಸಣ್ಣ ಇಂಜಿನ್ ಅಂದರೆ ಕಡಿಮೆ ಕುಡಿಯಬೇಕು ಅಲ್ವಾ?

ಉತ್ತರ (ಮೆಕ್ಯಾನಿಕ್): ತೊಂದರೆ ಇರುವ ಹಾಗೆ ಕಾಣುತ್ತಿಲ್ಲ. ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ: ‘ನುಗ್ಗಿಕೊಂಡು ಹೋಗುತ್ತದೆ’ ಅಂದಿರಲ್ಲ, ಪೆಟ್ರೋಲ್ ಹೋಗುತ್ತಿರುವುದು ಅಲ್ಲೇ.

ಹೊಗೆ ಕೊಳವೆಯಿಂದ ಹೊರಗೆ ಹೋಗುವ ಬಿಸಿ ಗಾಳಿ ಟರ್ಬೊ ಒಳಗಿನ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಹೀಗೆ ಟರ್ಬೊ ಕೊಡುವ ಹೆಚ್ಚುವರಿ ಒತ್ತಡಕ್ಕೆ ಬೂಸ್ಟ್ ಅನ್ನುತ್ತಾರೆ. ಅದು 1 ಬಾರ್ (ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟೇ) ಹತ್ತಿರ ಬಂದರೆ ನಿಮ್ಮ 1.0 ಲೀಟರ್ ಇಂಜಿನ್ ಹೆಚ್ಚುಕಡಿಮೆ 2.0 ಲೀಟರ್ ಇಂಜಿನ್ನಿನಷ್ಟು ಗಾಳಿ ಎಳೆದುಕೊಳ್ಳುತ್ತದೆ. ಸುಮಾರು 14.7 ಗ್ರಾಂ ಗಾಳಿಗೆ 1 ಗ್ರಾಂ ಪೆಟ್ರೋಲ್ ಬೇಕು. ಗಾಳಿ ಜಾಸ್ತಿ ಆದರೆ ಪೆಟ್ರೋಲೂ ಜಾಸ್ತಿ ಆಗಲೇಬೇಕು. ಇದರ ಮೇಲೆ ಇನ್ನೊಂದು ಖರ್ಚಿದೆ. ಪೆಡಲ್ ಪೂರ್ತಿ ಒತ್ತಿದಾಗ ಟರ್ಬೊ ಕಡೆ ಹೋಗುವ ಹೊಗೆಯ ಬಿಸಿ 900 ಡಿಗ್ರಿ ದಾಟಬಹುದು. ಅದನ್ನು ತಣಿಸಲು ಅನೇಕ ಇಂಜಿನ್‌ಗಳು ಬೇಕೆಂದೇ ಹೆಚ್ಚುವರಿ ಪೆಟ್ರೋಲ್ ಸುರಿಯುತ್ತವೆ. ಆ ಪೆಟ್ರೋಲಿನಿಂದ ಕಾರು ಒಂದು ಅಡಿಯೂ ಮುಂದೆ ಹೋಗುವುದಿಲ್ಲ.

ಮೆಲ್ಲಗೆ ಓಡಿಸಿದಾಗ ಲೆಕ್ಕ ಉಲ್ಟಾ. ದೊಡ್ಡ ಇಂಜಿನ್ ಹಗುರ ಕೆಲಸ ಮಾಡುವಾಗ ಥ್ರಾಟಲ್ (ಗಾಳಿ ಒಳಬಿಡುವ ಬಾಗಿಲು) ಬಹುತೇಕ ಮುಚ್ಚಿರುತ್ತದೆ. ಆ ಸಣ್ಣ ಸಂದಿಯಿಂದ ಗಾಳಿ ಎಳೆಯುವುದಕ್ಕೇ ಒಂದಷ್ಟು ಶಕ್ತಿ ಸುಮ್ನೆ ಹೋಗುತ್ತದೆ. ಸಣ್ಣ ಇಂಜಿನ್ನಿಗೆ ಆ ನಷ್ಟ ಕಡಿಮೆ, ಒಳಗಿನ ಘರ್ಷಣೆಯೂ ಕಡಿಮೆ. ಕಂಪನಿಯ 20 ಬರುವುದು ಇಲ್ಲಿಂದ. ಪರೀಕ್ಷೆ ನಡೆಯುವುದು ಲ್ಯಾಬಿನಲ್ಲಿ, ರೋಲರ್ ಮೇಲೆ, ಎಸಿ ಬಂದ್ ಮಾಡಿ. ಯುರೋಪಿನ ಹಳೆಯ ಎನ್‌ಇಡಿಸಿ ಪರೀಕ್ಷೆಯ ನಗರ ಭಾಗದಲ್ಲಿ ಸೊನ್ನೆಯಿಂದ 50 ಕಿ.ಮೀ. ವೇಗಕ್ಕೆ ಏರಲು 26 ಸೆಕೆಂಡು ಕೊಡುತ್ತಿದ್ದರು. ಹಿಂದಿನವರು ಹಾರ್ನ್ ಹೊಡೆಯದೆ ಬಿಡುತ್ತಾರಾ? 2017ರಲ್ಲಿ ಯುರೋಪಿನಲ್ಲಿ ಬಂದ ಡಬ್ಲ್ಯುಎಲ್‌ಟಿಪಿ ಪರೀಕ್ಷೆ ಇದಕ್ಕಿಂತ ನಿಜಕ್ಕೆ ಹತ್ತಿರ, ಆದರೂ ಅಲ್ಲಿ ಪೆಡಲ್ ಒತ್ತುವುದು ನಿಮ್ಮ ಕಾಲಲ್ಲ.

ಪ್ರಶ್ನೆ ಕೇಳಿದವರು: ಅರ್ಥ ಆಯ್ತು ಸರ್. ಆದರೆ ಅರ್ಧ ದೂರ ಹೈವೇ ಓಡಿಸುತ್ತೇನೆ, ಅಲ್ಲಿ 20 ತೋರಿಸುತ್ತದೆ. ಊರೊಳಗೆ 10. ಹಾಗಾದರೆ ಸರಾಸರಿ 15 ಬರಬೇಕಲ್ವಾ?

ಉತ್ತರ: ಇಲ್ಲ, ಇಲ್ಲಿ ಬಹಳ ಜನ ಎಡವುತ್ತಾರೆ. ಹೈವೇಯಲ್ಲಿ 40 ಕಿ.ಮೀ. ಹೋದರೆ 2 ಲೀಟರ್. ಊರೊಳಗೆ 40 ಕಿ.ಮೀ. ಹೋದರೆ 4 ಲೀಟರ್. ಒಟ್ಟು 80 ಕಿ.ಮೀ.ಗೆ 6 ಲೀಟರ್, ಅಂದರೆ 13.3. ನಿಮ್ಮ 13 ಸರಿಯಾಗೇ ಇದೆ. ನೀವು ಉಳಿಸಬೇಕಾದದ್ದು ಊರೊಳಗಿನ 10ರಲ್ಲಿ. ಅದು 12ಕ್ಕೆ ಬಂದರೆ ಒಟ್ಟು 15 ಆಗುತ್ತದೆ. ಹೈವೇಯ 20ನ್ನು ಕಷ್ಟಪಟ್ಟು 22 ಮಾಡಿದರೂ ಅಷ್ಟು ಸಿಗುವುದಿಲ್ಲ.

ಸ್ಕ್ರೀನನ್ನೂ ಪೂರ್ತಿ ನಂಬಬೇಡಿ. ಅನೇಕ ಕಾರುಗಳಲ್ಲಿ ಅದು ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ಟ್ಯಾಂಕ್ ಫುಲ್ ಮಾಡಿಸಿ, ಗನ್ ಮೊದಲ ಸಲ ‘ಟಕ್’ ಅಂದ ಕೂಡಲೇ ನಿಲ್ಲಿಸಲು ಹೇಳಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಂದಿನ ಸಲ ಅದೇ ಪಂಪಿನಲ್ಲಿ ಮತ್ತೆ ಮೊದಲ ‘ಟಕ್’ವರೆಗೆ ತುಂಬಿಸಿ, ಓಡಿದ ಕಿ.ಮೀ.ಯನ್ನು ತುಂಬಿದ ಲೀಟರಿನಿಂದ ಭಾಗಿಸಿ. ಒಂದೇ ಟ್ಯಾಂಕಿನ ಲೆಕ್ಕ ನೆಚ್ಚಿಕೊಳ್ಳಬೇಡಿ, ಮೂರ್ನಾಲ್ಕು ಟ್ಯಾಂಕ್ ಆಗಲಿ.

ಇನ್ನೊಬ್ಬ ಸದಸ್ಯೆ: ನನ್ನದೂ ಟರ್ಬೊ ಸರ್. ಮೈಲೇಜ್ ಬರಲಿ ಅಂತ ಆದಷ್ಟು ಬೇಗ ಮೇಲಿನ ಗೇರಿಗೆ ಹಾಕುತ್ತೇನೆ. 1,200 ಆರ್‌ಪಿಎಂನಲ್ಲೇ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಏರು ಹತ್ತಿಸುತ್ತೇನೆ. ಸರಿ ತಾನೇ?

ಉತ್ತರ: ಬೇಗ ಗೇರ್ ಬದಲಿಸುವುದು ಸರಿ ಮೇಡಂ. ಅಷ್ಟು ಕಡಿಮೆ ಆರ್‌ಪಿಎಂನಲ್ಲಿ ಏರು ಹತ್ತಿಸುವುದು ತಪ್ಪು. ಸಮತಟ್ಟು ರಸ್ತೆಯಲ್ಲಿ, ಪೆಡಲ್ ಮೇಲೆ ಕಾಲು ಹಗುರವಾಗಿದ್ದರೆ 1,400–1,500 ಆರ್‌ಪಿಎಂ ಸಾಕು. ಆದರೆ ಕಡಿಮೆ ಆರ್‌ಪಿಎಂನಲ್ಲಿ ಪೆಡಲ್ ಪೂರ್ತಿ ಒತ್ತಿದರೆ ಸ್ಪಾರ್ಕ್ ಬರುವ ಮೊದಲೇ ಮಿಶ್ರಣ ಹೊತ್ತಿಕೊಳ್ಳುವ ಅಪಾಯ ಇದೆ. ಇದಕ್ಕೆ ಎಲ್‌ಎಸ್‌ಪಿಐ ಅನ್ನುತ್ತಾರೆ. ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ವ್ಯವಸ್ಥೆ) ಇರುವ ಟರ್ಬೊಗಳಲ್ಲಿ ಇದು ಜಾಸ್ತಿ. ಜೋರಾಗಿ ಬಿದ್ದರೆ ಪಿಸ್ಟನ್ನೇ ಒಡೆಯಬಹುದು. ಕಾರು ನಡುಗುತ್ತಾ ಗೊಣಗುತ್ತಿದ್ದರೆ ಒಂದು ಗೇರ್ ಕೆಳಗೆ ಹಾಕಿ. 2,000ದ ಆಸುಪಾಸಿನಲ್ಲಿ ಟರ್ಬೊಗೆ ಉಸಿರು ಸಿಗುತ್ತದೆ, ಕಡಿಮೆ ಪೆಡಲಿನಲ್ಲೇ ಏರು ಮುಗಿಯುತ್ತದೆ.

ಆಯಿಲ್ ಕೂಡ ನೋಡಿಕೊಳ್ಳಿ. ಎಲ್‌ಎಸ್‌ಪಿಐ ತಡೆಯುವ ಪರೀಕ್ಷೆ 2018ರ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಸ್‌ಎನ್ ಪ್ಲಸ್ ಆಯಿಲ್ ದರ್ಜೆಯಲ್ಲಿ ಸೇರಿತು, 2020ರ ಎಸ್‌ಪಿ ದರ್ಜೆಯಲ್ಲೂ ಇದೆ. ಕಾರಿನ ಪುಸ್ತಕದಲ್ಲಿ ಏನು ಬರೆದಿದೆಯೋ ಅದೇ ಹಾಕಿಸಿ. ‘ಯಾವುದಾದರೂ ಒಂದೇ’ ಅನ್ನುವವರ ಮಾತು ಕೇಳಬೇಡಿ.

ಮತ್ತೊಬ್ಬ ಸದಸ್ಯ: ಸಿಗ್ನಲ್ ಬಿಟ್ಟ ಕೂಡಲೇ ಪೆಡಲ್ ಒತ್ತಿದರೆ ಮೊದಲು ಏನೂ ಆಗಲ್ಲ, ಆಮೇಲೆ ಒಮ್ಮೆಲೇ ಎಳೆಯುತ್ತದೆ. ಹೀಗೇನಾ?

ಉತ್ತರ: ಹೀಗೇ. ಹೊಗೆ ಸಾಕಷ್ಟು ಬರುವ ತನಕ ಟರ್ಬೊ ಚಕ್ರ ಜೋರಾಗಿ ತಿರುಗುವುದಿಲ್ಲ. ಅದು ಪೂರ್ತಿ ಓಡುವಾಗ ನಿಮಿಷಕ್ಕೆ 2 ಲಕ್ಷ ಸುತ್ತು ಮುಟ್ಟಬಲ್ಲದು, ಆ ವೇಗಕ್ಕೆ ಬರಲು ಗಳಿಗೆ ಹೊತ್ತು ಬೇಕು. ಕಾರು ಬರಲಿಲ್ಲ ಅಂತ ಇನ್ನಷ್ಟು ಒತ್ತುತ್ತೇವೆ. ಅಷ್ಟರಲ್ಲಿ ಬೂಸ್ಟ್ ಬರುತ್ತದೆ, ಮುಂದಿನ ಗಾಡಿ ಹತ್ತಿರವಾಗುತ್ತದೆ, ಬ್ರೇಕ್ ಹಾಕುತ್ತೇವೆ. ಊರೊಳಗೆ 10 ಬರುವುದು ಮುಖ್ಯವಾಗಿ ಈ ಒತ್ತು–ಬ್ರೇಕು ಆಟದಿಂದ. ಪೆಡಲ್ ಸ್ವಲ್ಪ ಒತ್ತಿ, ಅಲ್ಲೇ ಹಿಡಿದು ಕಾಯಿರಿ. ಅದೊಂದು ಅಭ್ಯಾಸ ಬಂದರೆ ಬೇರೆ ಯಾವ ಕಸರತ್ತೂ ಬೇಡ.

ಪ್ರಶ್ನೆ ಕೇಳಿದವರು: ಹೈವೇಯಲ್ಲಿ ಎಷ್ಟು ವೇಗ ಒಳ್ಳೆಯದು? ಪ್ರೀಮಿಯಂ ಪೆಟ್ರೋಲ್ ಹಾಕಿದರೆ ಉಪಯೋಗ ಇದೆಯಾ? ನಿಲ್ಲಿಸುವ ಮೊದಲು ಇಂಜಿನ್ ಓಡುತ್ತಾ ಬಿಡಬೇಕಾ?

ಉತ್ತರ: ಎದುರು ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 80ರಿಂದ 100ಕ್ಕೆ ಹೋದರೆ ಆ ತಡೆ ಶೇ 56ರಷ್ಟು ಜಾಸ್ತಿ. ದೊಡ್ಡ ಇಂಜಿನ್ನಿಗಿಂತ ನಿಮ್ಮದಕ್ಕೆ ಇದು ಬೇಗ ತಟ್ಟುತ್ತದೆ, ಯಾಕೆಂದರೆ ಆ ವೇಗ ಉಳಿಸಿಕೊಳ್ಳಲೇ ಬೂಸ್ಟ್ ಬೇಕಾಗಬಹುದು. 80–90ರಲ್ಲಿ ಇರಿ.

ಪುಸ್ತಕದಲ್ಲಿ ಹೆಚ್ಚಿನ ಆಕ್ಟೇನ್ (ತಾನಾಗಿ ಹೊತ್ತಿಕೊಳ್ಳುವುದನ್ನು ಪೆಟ್ರೋಲ್ ಎಷ್ಟು ತಡೆಯುತ್ತದೆ ಅನ್ನುವ ಅಂಕಿ) ಬೇಕು ಅಂತ ಇದ್ದರೆ ಹಾಕಲೇಬೇಕು. ಮಾಮೂಲಿ ಪೆಟ್ರೋಲ್ ಸಾಕು ಅಂತಿದ್ದರೆ ದುಡ್ಡು ಸುರಿಯುವಷ್ಟು ವ್ಯತ್ಯಾಸ ಸಿಗುವುದು ಕಷ್ಟ. ಮಿಶ್ರಣ ತಪ್ಪಾಗಿ ಹೊತ್ತಿ ಬಡಿಯುವುದನ್ನು ಪತ್ತೆ ಮಾಡುವ ನಾಕ್ ಸೆನ್ಸರ್ ಇರುವುದರಿಂದ, ಪ್ರೀಮಿಯಂ ಹಾಕಿದರೆ ಬಿಸಿಲಲ್ಲಿ, ಭಾರ ಹೊತ್ತಾಗ ಕೆಲವು ಇಂಜಿನ್‌ಗಳು ತುಸು ಚುರುಕಾಗುತ್ತವೆ, ಅಷ್ಟೇ.

ಮಾಮೂಲಿ ಓಡಿಸಿ ಮನೆಗೆ ಬಂದರೆ ಕಾಯುವ ಅಗತ್ಯ ಇಲ್ಲ. ಕೊನೆಯ ಒಂದೆರಡು ಕಿ.ಮೀ. ಮೆಲ್ಲಗೆ ಬಂದಿದ್ದರೆ ಟರ್ಬೊ ಆಗಲೇ ತಣ್ಣಗಾಗಿರುತ್ತದೆ. ಹೈವೇಯಲ್ಲಿ ಜೋರಾಗಿ ಬಂದು ನೇರ ಹೋಟೆಲ್ ಮುಂದೆ ನಿಲ್ಲಿಸಿದರೆ ಮಾತ್ರ ಒಂದು ನಿಮಿಷ ಐಡಲ್‌ನಲ್ಲಿ ಬಿಡಿ. ಇಲ್ಲದಿದ್ದರೆ ಟರ್ಬೊದ ಬಿಸಿ ಬೇರಿಂಗಿನಲ್ಲಿ ನಿಂತ ಆಯಿಲ್ ಸುಟ್ಟು ಕರಿ ಕಟ್ಟುತ್ತದೆ. ಆಫ್ ಮಾಡಿದ ಮೇಲೂ ಮುಂದೆ ಫ್ಯಾನೋ ಪಂಪೋ ಗುಂಯ್ ಅನ್ನುತ್ತಿದ್ದರೆ ಗಾಬರಿಯಾಗಬೇಡಿ, ಅದು ತಣಿಸುವ ಕೆಲಸವನ್ನೇ ಮಾಡುತ್ತಿರುತ್ತದೆ.