ಗೇಲಿಕ್ ಫುಟ್‌ಬಾಲ್: ಹೋಂ ಗ್ರೌಂಡ್ ಅಂದ್ರೆ ಅರ್ಧ ಗೆದ್ದ ಹಾಗೇನಾ?

ಶಿರ್ವದ_ತಮ್ಮ (ಉಡುಪಿ):

ಇಲ್ಲಿ ಐರ್ಲೆಂಡಿನ ಗೇಲಿಕ್ ಫುಟ್‌ಬಾಲ್ ನೋಡುವವರು ಯಾರಾದರೂ ಇದ್ದೀರಾ? ನಮ್ಮ ಕಡೆಯಿಂದ ನರ್ಸಿಂಗ್ ಕೆಲಸಕ್ಕೆ ಅಲ್ಲಿಗೆ ಹೋದವರು ಬೇಕಾದಷ್ಟು ಜನ ಇದ್ದಾರೆ, ಒಬ್ಬರಾದರೂ ಸಿಗಬಹುದು ಅಂತ ಕೇಳ್ತಾ ಇದ್ದೇನೆ.

ನನ್ನ ಅಕ್ಕನ ಮನೆ ಇರುವುದು ಮೇಯೋ ಕೌಂಟಿಯ ಕ್ಯಾಸಲ್‌ಬಾರ್‌ನಲ್ಲಿ. ಭಾವ, ಮಕ್ಕಳು ಎಲ್ಲ ಹಸಿರು ಕೆಂಪು ಜೆರ್ಸಿ ಹಾಕಿಕೊಂಡು ಪೂರ್ತಿ ಮೇಯೋದವರೇ ಆಗಿಬಿಟ್ಟಿದ್ದಾರೆ. ಕೌಂಟಿ ಟೀಮುಗಳ ಚಾಂಪಿಯನ್‌ಶಿಪ್ ಶುರುವಾದರೆ ನಮ್ಮ ಫ್ಯಾಮಿಲಿ ಗ್ರೂಪ್‌ನಲ್ಲಿ ಪ್ರತಿ ವಾರ ಯಾರು ಗೆಲ್ಲುತ್ತಾರೆ ಅಂತ ಹೇಳುವ ಆಟ ಉಂಟು. ಕೊನೆಗೆ ಕಡಿಮೆ ಪಾಯಿಂಟ್ ಬಂದವರು ಅಕ್ಕ ರಜೆಗೆ ಬಂದಾಗ ಎಲ್ಲರಿಗೂ ಗಡ್‌ಬಡ್ ಕೊಡಿಸಬೇಕು. ಹದಿಮೂರು ಜನ ಇದ್ದೇವೆ, ಹಾಗಾಗಿ ಇದು ಸಣ್ಣ ವಿಷಯ ಅಲ್ಲ.

ನನ್ನ ಲೆಕ್ಕ ಸುಲಭ. ಕಣ್ಣು ಮುಚ್ಚಿ ಹೋಂ ಟೀಮನ್ನೇ ಹಿಡಿಯುವುದು. ಆಟಗಾರರಿಗೆ ಸಂಬಳ ಇಲ್ಲ, ವಾರವಿಡೀ ಟೀಚರೋ ಪೊಲೀಸೋ ರೈತನೋ ಆಗಿ ಕೆಲಸ ಮಾಡಿ ವಾರದ ಕೊನೆಗೆ ಆಡುತ್ತಾರೆ, ಐಪಿಎಲ್ ತರಹ ಹೊರಗಿನವರನ್ನು ಖರೀದಿ ಮಾಡುವ ಪದ್ಧತಿಯೂ ಇಲ್ಲ. ಊರಿನ ಹುಡುಗರು, ಊರಿನ ಮೈದಾನ, ಊರಿನ ಜನ. ಇಲ್ಲಿ ಹೋಂ ಅಡ್ವಾಂಟೇಜ್ ಇಲ್ಲದೆ ಮತ್ತೆಲ್ಲಿ ಇರುತ್ತದೆ ಅಲ್ವಾ?

ಆದರೆ ಭಾವ ಒಪ್ಪುವುದಿಲ್ಲ. "ಮೇಯೋಗೆ ಕ್ಯಾಸಲ್‌ಬಾರ್‌ನಲ್ಲಿ ಮ್ಯಾಚ್ ಅಂದ್ರೆ ನನಗೆ ಹೆದರಿಕೆ ಜಾಸ್ತಿ" ಅಂತಾರೆ. ತಮಾಷೆಗೆ ಹೇಳುತ್ತಾರೋ ನನ್ನ ದಾರಿ ತಪ್ಪಿಸುತ್ತಾರೋ ಗೊತ್ತಾಗುತ್ತಿಲ್ಲ.

ಬೋಳಾರದವ (ಮಂಗಳೂರು):

ನಿಮ್ಮ ಭಾವ ತಮಾಷೆ ಮಾಡುತ್ತಿಲ್ಲ ಮಾರಾಯ್ರೆ. ಗಡ್‌ಬಡ್‌ಗೆ ದುಡ್ಡು ಎತ್ತಿಡಿ.

2025ರ ಗ್ರೂಪ್ ನೋಡಿ. ಡೊನೆಗಾಲ್, ಟಿರೋನ್, ಮೇಯೋ, ಕ್ಯಾವನ್ ಒಂದೇ ಗುಂಪಿನಲ್ಲಿದ್ದವು. ಆಗಿನ ಫಾರ್ಮ್ಯಾಟಿನಲ್ಲಿ ಪ್ರತಿ ಟೀಮಿಗೆ ಒಂದು ಹೋಂ, ಒಂದು ಅವೇ, ಒಂದು ನ್ಯೂಟ್ರಲ್ ಮ್ಯಾಚ್. ಮೊದಲ ಸುತ್ತಿನಲ್ಲಿ ಕ್ಯಾವನ್‌ನವರು ಕ್ಯಾಸಲ್‌ಬಾರ್‌ಗೇ ಬಂದು ಮೇಯೋವನ್ನು ಸೋಲಿಸಿದರು. ಟಿರೋನ್ ಡೊನೆಗಾಲ್‌ನ ಬ್ಯಾಲಿಬೊಫೆಗೆ ಹೋಗಿ ಗೆದ್ದಿತು. ಎರಡನೇ ಸುತ್ತಿನಲ್ಲಿ, ಮನೆಯಲ್ಲಿ ಸೋತ ಅದೇ ಮೇಯೋ ಟಿರೋನ್‌ನ ಓಮಾಗೆ ಹೋಗಿ ಟಿರೋನನ್ನು ಸೋಲಿಸಿತು. ಡೊನೆಗಾಲ್ ಕ್ಯಾವನ್‌ಗೆ ಹೋಗಿ ದೊಡ್ಡ ಅಂತರದಲ್ಲಿ ಗೆದ್ದಿತು. ಅಂದರೆ ಮನೆ ಅಂಗಳದಲ್ಲಿ ನಡೆದ ನಾಲ್ಕಕ್ಕೆ ನಾಲ್ಕೂ ಮ್ಯಾಚ್ ಹೊರಗಿನಿಂದ ಬಂದವರದ್ದೇ. ಆ ಗುಂಪಿನಲ್ಲಿ ನಿಮ್ಮ ಲೆಕ್ಕಕ್ಕೆ ಸಿಗುತ್ತಿದ್ದದ್ದು ಸೊನ್ನೆ.

ಮೇಯೋ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. 2019ರಲ್ಲಿ ಕ್ಯಾಸಲ್‌ಬಾರ್‌ನ ಮ್ಯಾಕ್‌ಹೇಲ್ ಪಾರ್ಕಿನಲ್ಲಿ ರಾಸ್‌ಕಾಮನ್ ಎದುರು ಸೋಲು. 2023ರಲ್ಲಿ ಅದೇ ಮೈದಾನ, ಅದೇ ರಾಸ್‌ಕಾಮನ್, ಅದೇ ಸೋಲು. 2024ರಲ್ಲಿ ಅಲ್ಲೇ ಡೆರ್ರಿ ಎದುರು ಪೆನಾಲ್ಟಿಯಲ್ಲಿ ಹೊರಗೆ. ಮಜಾ ಏನೆಂದರೆ 2023ರಲ್ಲಿ ರಾಸ್‌ಕಾಮನ್ ಎದುರು ಮನೆಯಲ್ಲಿ ಮುಗ್ಗರಿಸಿದ ಮೇಲೆ ಮೇ ತಿಂಗಳಲ್ಲಿ ಕೆರಿಯ ಕಿಲಾರ್ನಿಗೆ ಹೋಗಿ ಹಿಂದಿನ ವರ್ಷದ ಚಾಂಪಿಯನ್ನರನ್ನೇ ಹೊಡೆದರು. ಚಾಂಪಿಯನ್‌ಶಿಪ್‌ನಲ್ಲಿ ಕೆರಿ ಕಿಲಾರ್ನಿಯಲ್ಲಿ 1995ರಿಂದ ಸೋತದ್ದೇ ಇರಲಿಲ್ಲ. ಆಮೇಲೆ ಗಾಲ್ವೇಗೆ ಹೋಗಿ ಸಾಲ್ಟ್‌ಹಿಲ್‌ನಲ್ಲೂ ಗೆದ್ದರು.

1951ರ ನಂತರ ಆಲ್ ಐರ್ಲೆಂಡ್ ಕಪ್ ಕಾಣದ ಕೌಂಟಿ ಅದು. ಮನೆಯಲ್ಲಿ ಆಡುವಾಗ ಜನರ ಆಸೆಯೇ ಭಾರ ಆಗುತ್ತದೆ ಅಂತ ನನ್ನ ಅಂದಾಜು.

ಮಲ್ಪೆ_ಟು_ಕಾರ್ಕ್:

ನಾನು ಮೂಲ ಮಲ್ಪೆ ಹತ್ತಿರದವಳು, ಈಗ ಕಾರ್ಕ್‌ನಲ್ಲಿ ನರ್ಸ್. ಬೋಳಾರದವರು ಹೇಳಿದ ಫಲಿತಾಂಶ ಎಲ್ಲ ಸರಿ. ಆದರೆ "ಆಸೆಯೇ ಭಾರ" ಅನ್ನುವುದು ಸ್ವಲ್ಪ ಸಿನಿಮಾ ಡೈಲಾಗ್ ಆಯಿತು. ಮೇಯೋಗೆ ಡಬ್ಲಿನ್‌ನ ಕ್ರೋಕ್ ಪಾರ್ಕ್‌ನಲ್ಲಿ ನಡೆಯುವ ಫೈನಲ್‌ನಲ್ಲೂ ಜನರ ಆಸೆ ಅಷ್ಟೇ ಇರುತ್ತದೆ, ಅಲ್ಲೂ ಸೋತಿದ್ದಾರೆ.

ಹೋಂ ಮ್ಯಾಚಿನ ವಿಷಯದಲ್ಲಿ ಇಲ್ಲಿಯವರಿಗೆ ಎಷ್ಟು ಹಠ ಅಂತ ಕೇಳಿ. ಕಾರ್ಕ್ ಮತ್ತು ಕೆರಿ ಒಂದು ಸಲ ಇಲ್ಲಿ, ಒಂದು ಸಲ ಕಿಲಾರ್ನಿಯಲ್ಲಿ ಆಡುವುದು ವಾಡಿಕೆ. 2022ರಲ್ಲಿ ಕಾರ್ಕ್ ಸರದಿ. ಆದರೆ ದೊಡ್ಡ ಸ್ಟೇಡಿಯಂ ಪಾರ್ಕ್ ಈ ಕ್ವೀವ್‌ನಲ್ಲಿ ಅದರ ಹಿಂದಿನ ವಾರವಷ್ಟೇ ಎಡ್ ಶೀರನ್ ಕಾನ್ಸರ್ಟ್ ಇತ್ತು, ಗ್ರೌಂಡ್ ಸಿಗಲಿಲ್ಲ. ಹಾಗಾದರೆ ಕಿಲಾರ್ನಿಗೇ ಹೋಗಿ ಅಂತ ತೀರ್ಮಾನ ಆಯಿತು. ಕಾರ್ಕ್ ಆಟಗಾರರು ಪಟ್ಟು ಹಿಡಿದರು, ನಮ್ಮ ಸಣ್ಣ ಗ್ರೌಂಡ್ ಪಾರ್ಕ್ ಈ ರಿನ್ ಇದೆ, ಅಲ್ಲಿ ಆಡಿಸಿ, ಇಲ್ಲಾಂದ್ರೆ ನಾವು ಆಡುವುದೇ ಇಲ್ಲ ಅಂದರು. ಕೊನೆಗೆ ಅವರ ಮಾತೇ ನಡೆಯಿತು. ಮ್ಯಾಚಿನಲ್ಲಿ ಕೆರಿ 0-23, ಕಾರ್ಕ್ 0-11 (ಮೊದಲ ಅಂಕೆ ಗೋಲು, ಎರಡನೆಯದು ಪಾಯಿಂಟ್). ಹನ್ನೆರಡು ಪಾಯಿಂಟ್! ಆ ವರ್ಷ ಕಪ್ ಕೂಡ ಕೆರಿಗೇ ಹೋಯಿತು.

ಇನ್ನೊಂದು ಕಡೆ 2020ರ ನವೆಂಬರ್. ಕೋವಿಡ್, ಪಾರ್ಕ್ ಈ ಕ್ವೀವ್‌ನಲ್ಲಿ ಒಂದು ನರಪಿಳ್ಳೆ ಇಲ್ಲ, ಮಳೆ ಬೇರೆ. ಎಕ್ಸ್‌ಟ್ರಾ ಟೈಮಿನ ಕೊನೇ ಗಳಿಗೆಯಲ್ಲಿ ಮೇಲಿಂದ ಬಿದ್ದ ಚೆಂಡನ್ನು ಮಾರ್ಕ್ ಕೀನ್ ಹಿಡಿದು ಗೋಲಿಗೆ ಹೊಡೆದ, ಕೆರಿ ಆ ವರ್ಷಕ್ಕೆ ಮನೆಗೆ. ಜನ ಇದ್ದಾಗ ಹನ್ನೆರಡರಿಂದ ಸೋತ ಕಾರ್ಕ್, ಜನ ಇಲ್ಲದಾಗ ಗೆದ್ದಿತ್ತು. ಇದರಿಂದ ಏನು ತೀರ್ಮಾನ ಮಾಡುತ್ತೀರೋ ಮಾಡಿಕೊಳ್ಳಿ.

ಮತ್ತೆ ಇಲ್ಲಿ ಗಮನಿಸಬೇಕಾದ್ದು ಒಂದುಂಟು. ಹೋಂ ಸಪೋರ್ಟರ್‌ಗೆ ಬೇರೆ, ಹೊರಗಿನವರಿಗೆ ಬೇರೆ ಅಂತ ಸ್ಟ್ಯಾಂಡ್ ಭಾಗ ಮಾಡುವುದಿಲ್ಲ. ಎಲ್ಲ ಒಟ್ಟಿಗೆ ಕೂರುತ್ತಾರೆ. ನನ್ನ ಪಕ್ಕದಲ್ಲಿ ಕೆರಿಯ ಅಜ್ಜಿ ಒಬ್ಬರು ಕೂತಿದ್ದರು, ರೆಫರಿಗೆ ನನಗಿಂತ ಜೋರಾಗಿ ಬೈದು ಆಮೇಲೆ ಬ್ಯಾಗಿನಿಂದ ಸ್ಯಾಂಡ್‌ವಿಚ್ ತೆಗೆದು ನನಗೂ ಕೊಟ್ಟರು. ದೇಶ ಸಣ್ಣದು, ಬೆಳಿಗ್ಗೆ ಹೊರಟರೆ ಯಾವ ಮೂಲೆಗೂ ಮ್ಯಾಚಿಗೆ ತಲುಪಬಹುದು. ಹಾಗಾಗಿ ಅವೇ ಟೀಮಿನ ಜನವೂ ಸಾಕಷ್ಟು ಇರುತ್ತಾರೆ. ಮೇಯೋದವರಂತೂ ಎಲ್ಲಿಗೆ ಹೋದರೂ ಜಾತ್ರೆಯೇ. ಹೋಂ ಗ್ರೌಂಡಿನ ಗದ್ದಲ ಅಂತ ನೀವು ಅಂದುಕೊಂಡಷ್ಟು ಒಂದೇ ಕಡೆಗೆ ಇರುವುದಿಲ್ಲ.

ಹಂಪನಕಟ್ಟೆ_ಹಾಫ್‌ಟೈಮ್ (ಮಂಗಳೂರು):

ಜನ ಲೆಕ್ಕಕ್ಕೇ ಇಲ್ಲ ಅಂತ ಹೇಳಬೇಡಿ. ಕೋವಿಡ್ ಸಮಯದಲ್ಲಿ ಜರ್ಮನಿಯ ಬುಂಡೆಸ್‌ಲೀಗಾ ಖಾಲಿ ಸ್ಟೇಡಿಯಂನಲ್ಲಿ ಶುರುವಾದಾಗ ಹೋಂ ಟೀಮಿನ ಗೆಲುವು ಎದ್ದು ಕಾಣುವಷ್ಟು ಕಡಿಮೆಯಾಗಿತ್ತು. ಸಾಕರ್ ಬೇರೆ, ಇದು ಬೇರೆ, ಒಪ್ಪಿದೆ. ಆದರೆ ರೆಫರಿಯೂ ಮನುಷ್ಯನೇ. ಸುತ್ತ ಜನ ಕೂಗಿದರೆ ಐವತ್ತು ಐವತ್ತು ಇರುವ ಫ್ರೀಕಿಕ್ ಯಾರಿಗೆ ಹೋಗುತ್ತದೆ ಅಂತ ನೋಡಿ.

ಗೇಲಿಕ್‌ನಲ್ಲೇ ಉದಾಹರಣೆ ಬೇಕಾದರೆ 2018, ಕಿಲ್ಡೇರ್ ಮೇಯೋ. ಡ್ರಾದಲ್ಲಿ ಕಿಲ್ಡೇರ್ ಹೆಸರು ಮೊದಲು ಬಂತು, ಹಾಗಾಗಿ ಹೋಂ ಮ್ಯಾಚ್ ಅವರದ್ದು. ಅವರ ನ್ಯೂಬ್ರಿಡ್ಜ್ ಗ್ರೌಂಡಿನಲ್ಲಿ ಹಿಡಿಸುವುದು ಸುಮಾರು ಎಂಟು ಸಾವಿರ ಜನ. ಅಷ್ಟು ಸಣ್ಣ ಜಾಗದಲ್ಲಿ ಮೇಯೋ ಜನಸಾಗರ ಬಂದರೆ ಕಷ್ಟ ಅಂತ ಈ ಆಟ ನಡೆಸುವ ಸಂಸ್ಥೆ ಜಿಎಎ ಮ್ಯಾಚನ್ನು ಡಬ್ಲಿನ್‌ನ ಕ್ರೋಕ್ ಪಾರ್ಕಿಗೆ ಹಾಕಿತು. ಕಿಲ್ಡೇರ್ ಮ್ಯಾನೇಜರ್ ಸಿಯಾನ್ ಓ'ನೀಲ್, ನ್ಯೂಬ್ರಿಡ್ಜ್‌ನಲ್ಲಿ ಬಿಟ್ಟರೆ ಬೇರೆಲ್ಲೂ ಆಡುವುದಿಲ್ಲ ಅಂತ ಕೂತುಬಿಟ್ಟರು. ದೇಶವೇ ಅವರ ಪರ ನಿಂತಿತು, ಜಿಎಎ ಹಿಂದೆ ಸರಿಯಿತು. ಕಿಲ್ಡೇರ್ 0-21, ಮೇಯೋ 0-19. ಇಲ್ಲಿ ಗ್ರೌಂಡ್ ಸಣ್ಣದಾಗಿದ್ದೇ ಲಾಭ. ಕ್ರೋಕ್ ಪಾರ್ಕ್‌ನಲ್ಲಿ ಆಡಿದ್ದರೆ ಕಿಲ್ಡೇರ್‌ನವರಿಗಿಂತ ಮೇಯೋದವರೇ ಹೆಚ್ಚು ಇರುತ್ತಿದ್ದರು. ಕ್ರೋಕ್ ಪಾರ್ಕಿನಲ್ಲಿ 82 ಸಾವಿರ ಜನ ಹಿಡಿಯುತ್ತಾರೆ ಮಾರಾಯ್ರೆ, ನ್ಯೂಬ್ರಿಡ್ಜ್‌ನ ಹತ್ತು ಪಟ್ಟು. ಕೋಪ ಬಂದಿದ್ದ ಕಿಲ್ಡೇರ್‌ಗೆ ಹಠ ಹಿಡಿದು ಆಡಲು ಕಾರಣವೂ ಒಂದು ಸಿಕ್ಕಿತು.

ಬೋಳಾರದವ (ಮಂಗಳೂರು):

@ಹಂಪನಕಟ್ಟೆ, ಪೂರ್ತಿ ಹೇಳಿ. ಅದೇ ಜುಲೈಯಲ್ಲಿ ಅದೇ ನ್ಯೂಬ್ರಿಡ್ಜ್‌ನಲ್ಲಿ ಗಾಲ್ವೇ ಬಂದು ಕಿಲ್ಡೇರ್‌ಗೆ ಸೋಲಿನ ರುಚಿ ತೋರಿಸಿ ಹೋಯಿತು. ಗ್ರೌಂಡ್ ಅಷ್ಟೇ ಸಣ್ಣದಿತ್ತು, ಜನವೂ ಅವರೇ. ಕೋಪ ಮಾತ್ರ ಇರಲಿಲ್ಲ.

ಕ್ರೋಕ್ ಪಾರ್ಕ್ ಅಂದ ಮೇಲೆ ಡಬ್ಲಿನ್ ವಿಷಯವೂ ಬರಲಿ. ಫೈನಲ್, ಸೆಮಿಫೈನಲ್ ಎಲ್ಲ ನಡೆಯುವ "ನ್ಯೂಟ್ರಲ್" ಗ್ರೌಂಡೇ ಅವರ ಮನೆ. 2018ರಲ್ಲಿ ಕ್ವಾರ್ಟರ್‌ಫೈನಲ್ ಹಂತಕ್ಕೆ ಎಂಟು ಟೀಮಿನ ಗ್ರೂಪ್ ಮ್ಯಾಚ್, ಸೂಪರ್ 8 ಅಂತ ಮಾಡಿದಾಗ ಡಬ್ಲಿನ್‌ಗೆ ಹೋಂ ಮ್ಯಾಚೂ ಕ್ರೋಕ್ ಪಾರ್ಕ್, ನ್ಯೂಟ್ರಲ್ ಮ್ಯಾಚೂ ಕ್ರೋಕ್ ಪಾರ್ಕ್. ಡೊನೆಗಾಲ್‌ನವರು ಗಲಾಟೆ ಮಾಡಿದ್ದು ಸುಮ್ನೆ ಅಲ್ಲ. 2015ರಿಂದ 2020ರವರೆಗೆ ಸತತ ಆರು ಕಪ್ ಬಂದಾಗ ಎಲ್ಲರೂ ಬೈದದ್ದು ಇದನ್ನೇ. ಆದರೆ 2016ರಿಂದ ಲೆನ್‌ಸ್ಟರ್ ಪ್ರಾಂತ್ಯದ ಚಾಂಪಿಯನ್‌ಶಿಪ್‌ನ ಮೊದಲ ಮ್ಯಾಚಿಗೆ ಅವರನ್ನು ಕ್ರೋಕ್ ಪಾರ್ಕಿನಿಂದ ಹೊರಗೆ ಕಳಿಸಿದರು, ಅಲ್ಲೂ ಗೆದ್ದುಕೊಂಡೇ ಬಂದರು. ಟೀಮ್ ಹಾಗಿತ್ತು. 2025ರಲ್ಲಿ ಟೀಮ್ ಹಾಗಿಲ್ಲ, ಪೋರ್ಟ್‌ಲೀಶ್‌ನಲ್ಲಿ ಮೀತ್ ಎದುರು ಸೋತರು, ಅದರೊಂದಿಗೆ ಹದಿನಾಲ್ಕು ವರ್ಷದ ಲೆನ್‌ಸ್ಟರ್ ಪಟ್ಟ ಹೋಯಿತು. ಆಮೇಲೆ ಸಾಲ್ಟ್‌ಹಿಲ್‌ಗೆ ಹೋಗಿ ಗಾಲ್ವೇಯನ್ನು ಸೋಲಿಸಿದ್ದೂ ಅದೇ ಡಬ್ಲಿನ್, ಮರಳಿ ಬಂದು ಕ್ರೋಕ್ ಪಾರ್ಕಿನಲ್ಲೇ ಅರ್ಮಾ ಎದುರು ಸೋತದ್ದೂ ಅದೇ ಡಬ್ಲಿನ್.

ಪಣಂಬೂರು_ಗಾಳಿ:

ಎಲ್ಲರೂ ಜನದ ಬಗ್ಗೆಯೇ ಮಾತಾಡ್ತಾ ಇದ್ದೀರಿ. ಗಾಳಿ ಬಗ್ಗೆ ಒಬ್ಬರೂ ಹೇಳಲಿಲ್ಲ.

2025ರಲ್ಲಿ ಆಟದ ನಿಯಮ ಬದಲಾಯಿತು. ಗೋಲಿನಿಂದ 40 ಮೀಟರ್ ದೂರದ ಕಮಾನಿನ ಹೊರಗಿಂದ ಬಾರ್ ಮೇಲೆ ಹೊಡೆದರೆ ಈಗ ಎರಡು ಪಾಯಿಂಟ್. ಗೋಲ್‌ಕೀಪರ್ ಚೆಂಡನ್ನು ಮತ್ತೆ ಆಟಕ್ಕೆ ಒದೆಯುವ ಕಿಕ್‌ಔಟ್ ಮಾಡುವಾಗಲೂ ಚೆಂಡು ಆ ಕಮಾನು ದಾಟಲೇಬೇಕು. ಮೊದಲಾದರೆ ಗಾಳಿಗೆ ಎದುರಾಗಿ ಆಡುವ ಟೀಮಿನ ಕೀಪರ್ ಪಕ್ಕದಲ್ಲಿರುವ ಡಿಫೆಂಡರ್‌ಗೆ ಸಣ್ಣ ಪಾಸ್ ಕೊಟ್ಟು ಉಸಿರು ತೆಗೆದುಕೊಳ್ಳುತ್ತಿದ್ದ. ಈಗ ಆ ದಾರಿ ಮುಚ್ಚಿದೆ. ಗಾಳಿಗೆ ಎದುರು ಉದ್ದಕ್ಕೆ ಒದೆಯಬೇಕು, ಚೆಂಡು ಗಾಳಿಯಲ್ಲಿ ನಿಂತ ಹಾಗೆ ಆಗಿ ನಡುವೆಯೇ ಬೀಳುತ್ತದೆ, ಎದುರಾಳಿ ಹಿಡಿಯುತ್ತಾನೆ, ಗಾಳಿ ಅವನ ಬೆನ್ನಿಗಿರುವುದರಿಂದ ದೂರದಿಂದ ಹೊಡೆದು ಎರಡು ಪಾಯಿಂಟ್ ತೆಗೆಯುತ್ತಾನೆ, ಮತ್ತೆ ಕಿಕ್‌ಔಟ್, ಮತ್ತೆ ಅದೇ ಕಥೆ. ಹತ್ತು ನಿಮಿಷದಲ್ಲಿ ಆರೇಳು ಪಾಯಿಂಟ್ ಹಾರಿಹೋಗಬಹುದು.

ಅರ್ಧಕ್ಕೆ ಕಡೆ ಬದಲಾಗುತ್ತದೆ, ಗಾಳಿ ಇಬ್ಬರಿಗೂ ಸಿಗುತ್ತದೆ ಅಂತ ನೀವು ಹೇಳಬಹುದು. ಸರಿ. ಆದರೆ ಸಾಲ್ಟ್‌ಹಿಲ್‌ನಂತಹ ಸಮುದ್ರದ ಪಕ್ಕದ ಗ್ರೌಂಡಿನಲ್ಲಿ ಗಾಳಿ ನೆಟ್ಟಗೆ ಬೀಸುವುದಿಲ್ಲ, ಸ್ಟ್ಯಾಂಡಿಗೆ ಬಡಿದು ತಿರುಗುತ್ತದೆ. ಅದನ್ನು ಚಿಕ್ಕಂದಿನಿಂದ ನೋಡಿದವನು ಕಂಬದ ಎಷ್ಟು ಹೊರಗೆ ಗುರಿ ಇಡಬೇಕು ಅಂತ ತಿಳಿದಿರುತ್ತಾನೆ. ನೆಹರೂ ಮೈದಾನದಲ್ಲಿ ಮಳೆಗಾಲದ ಫುಟ್‌ಬಾಲ್ ಆಡಿದವರಿಗೆ ಇದು ವಿವರಿಸಬೇಕಾಗಿಲ್ಲ. ಎಲ್ಲಿ ನೀರು ನಿಂತು ಚೆಂಡು ಟಪ್ ಅಂತ ಸಾಯುತ್ತದೆ ಅಂತ ನಮ್ಮ ಹುಡುಗರಿಗೆ ಗೊತ್ತು, ಹೊರಗಿನಿಂದ ಬಂದವರು ಅಲ್ಲೇ ಪಾಸ್ ಕೊಟ್ಟು ಸಿಕ್ಕಿಬೀಳುತ್ತಾರೆ.

ಮೈದಾನದ ಅಳತೆಯೂ ಎಲ್ಲ ಕಡೆ ಒಂದೇ ಅಲ್ಲ. ಅಗಲ 80ರಿಂದ 90 ಮೀಟರ್, ಉದ್ದ 130ರಿಂದ 145 ಮೀಟರ್ ಒಳಗೆ ಎಷ್ಟೂ ಇರಬಹುದು. ಹತ್ತು ಮೀಟರ್ ಅಗಲ ಕಡಿಮೆಯಾದರೆ ಓಡುವ ಟೀಮಿಗೆ ಜಾಗ ಸಿಗುವುದಿಲ್ಲ. ನನ್ನ ಕೇಳಿದರೆ ಹೋಂ ಅಡ್ವಾಂಟೇಜ್ ಇರುವುದು ಟೀಮಿನ ಜೊತೆ ಅಲ್ಲ, ಗ್ರೌಂಡಿನ ಜೊತೆ.

ಮಲ್ಪೆ_ಟು_ಕಾರ್ಕ್:

ಗಾಳಿ ವಿಷಯ ನೂರಕ್ಕೆ ನೂರು ಸರಿ. ಆದರೆ ಕೌಂಟಿ ಆಟಗಾರರು ದಿನಾ ಕೌಂಟಿ ಗ್ರೌಂಡಿನಲ್ಲೇ ಆಡುತ್ತಾರೆ ಅಂದುಕೊಳ್ಳಬೇಡಿ. ಅವರು ಬೆಳೆಯುವುದು ಅವರವರ ಊರಿನ ಕ್ಲಬ್ ಗ್ರೌಂಡಿನಲ್ಲಿ. ದೊಡ್ಡ ಸ್ಟೇಡಿಯಂಗೆ ಬರುವುದು ದೊಡ್ಡ ಮ್ಯಾಚಿಗೆ. ಹಾಗಾಗಿ ಆ ಪರಿಚಯವೂ ಸ್ವಲ್ಪ ಮಟ್ಟಿಗೇ. ಕಿಲಾರ್ನಿಯಲ್ಲಿ ಕೆರಿ ಅಷ್ಟು ವರ್ಷ ಸೋಲದೆ ಇದ್ದದ್ದು ಹುಲ್ಲಿನಿಂದ ಅಲ್ಲ, ಕೆರಿ ಆದದ್ದರಿಂದ.

ಶಿರ್ವದವರಿಗೆ ನನ್ನ ಸಲಹೆ ಇಷ್ಟೇ. ಎರಡು ಟೀಮಿನ ನಡುವೆ ದೊಡ್ಡ ವ್ಯತ್ಯಾಸ ಇದ್ದರೆ ಗ್ರೌಂಡ್ ನೋಡಲೇಬೇಡಿ, ಬಲವಾದ ಟೀಮ್ ಹಿಡಿಯಿರಿ. ಎರಡೂ ಸಮ ಅನಿಸಿದರೆ ಮಾತ್ರ ಹೋಂ ಕಡೆ ವಾಲಿ. ಶನಿವಾರ ಬೆಳಿಗ್ಗೆ ಅಲ್ಲಿಯ ಹವಾಮಾನ ನೋಡಿ, ಜೋರು ಗಾಳಿ ಇದ್ದರೆ ದೂರದಿಂದ ಹೊಡೆಯುವವರು ಯಾವ ಟೀಮಿನಲ್ಲಿ ಇದ್ದಾರೆ ಅಂತ ಅಕ್ಕನ ಮಕ್ಕಳನ್ನು ಕೇಳಿ. ಅವರಿಗೆ ಎಲ್ಲ ಗೊತ್ತಿರುತ್ತದೆ.

ಶಿರ್ವದ_ತಮ್ಮ (ಉಡುಪಿ):

ಮಕ್ಕಳನ್ನು ಕೇಳಿದರೆ ಆಯಿತು, ಅವರೂ ಆಟದಲ್ಲಿ ಇದ್ದಾರಲ್ವಾ, ಉಲ್ಟಾ ಹೇಳಿ ಕಳಿಸುತ್ತಾರೆ.

ಸರಿ, ಹೋಂ ಟೀಮ್ ಲೆಕ್ಕ ಬಿಟ್ಟೆ. ಈ ಸಲ ಕ್ಯಾಸಲ್‌ಬಾರ್ ಮ್ಯಾಚಿಗೆ ಎದುರಾಳಿಯನ್ನೇ ಹಿಡಿಯುತ್ತೇನೆ. ಮೇಯೋ ಹೊರಗೆ ಹೋದಾಗ ಮಾತ್ರ ಮೇಯೋ. ಭಾವನಿಗೆ ಕೋಪ ಬರುತ್ತದೋ ಖುಷಿಯಾಗುತ್ತದೋ ನೋಡಬೇಕು. @ಮಲ್ಪೆ_ಟು_ಕಾರ್ಕ್, ಅಲ್ಲಿ ಸಂಜೆ ನಾಲ್ಕರ ಮ್ಯಾಚ್ ಅಂದರೆ ನಮಗೆ ರಾತ್ರಿ ಎಂಟೂವರೆ ತಾನೇ?

ಮಲ್ಪೆ_ಟು_ಕಾರ್ಕ್:

ಹೌದು, ಬೇಸಿಗೆಯಲ್ಲಿ ಎಂಟೂವರೆ. ಊಟ ಬೇಗ ಮುಗಿಸಿ ಕೂತುಕೊಳ್ಳಿ, ಹಾಫ್‌ಟೈಮ್‌ಗೆ ಅಂತ ಕಾದರೆ ಅಷ್ಟರಲ್ಲೇ ಗಾಳಿ ಎಲ್ಲ ಮುಗಿಸಿಬಿಟ್ಟಿರುತ್ತದೆ.